ಶೇಂಗಾ ಅನ್ನದ ರೇಡಿಯೋ

ಪಂಚಮಿಗೆ ಊರಿಗೆ ಹೋದಾಗ ಅವ್ವನ ಮುಂದೆ ಮೊಬೈಲ್ ಇಟ್ಟು ರೇಡಿಯೋ ಹಚ್ಚಿದ್ದೆ. ನಮ್ಮದು ಭೂತನಾಳ, ವಿಜಯಪುರದ ಮಗ್ಗಲಿಗೇ ಇದೆ. ಊರಿಗಿಂತ ಅದರ ಕೆರೆಯ ಹೆಸರೇ ಹೆಚ್ಚು ಮಂದಿಗೆ ಗೊತ್ತು. ಯಾವುದೋ ಸಮುದಾಯ ಬಾನುಲಿ ಕೇಂದ್ರದವರು ಇಂಟರ್ನೆಟ್ಟಿಗೆ ಹಾಕಿದ್ದ ಕೃಷಿ ಕಾರ್ಯಕ್ರಮ ಅದು. ನಿರೂಪಕ ಒಳ್ಳೇ ದನಿಯಲ್ಲಿ, ಪುಸ್ತಕ ಓದಿದ ಹಾಗೆ, ಕಡಲೆಕಾಯಿಗೆ ಬರುವ ಎಲೆಚುಕ್ಕೆ ರೋಗಕ್ಕೆ ಏನು ಸಿಂಪಡಿಸಬೇಕು ಅಂತ ಹೇಳ್ತಿದ್ದ.

ಅವ್ವ ಸ್ವಲ್ಪ ಹೊತ್ತು ಕೇಳಿ ಅಂದಳು: "ಕಡ್ಲಿ ಇನ್ನ ಬಿತ್ತೇ ಇಲ್ಲ. ಈಗ್ಯಾಕ ಎಣ್ಣಿ ಹೊಡಿ ಅಂತಾನ ಇಂವ?"

ನಮ್ಮ ಕಡೆ ಅದು ಶೇಂಗಾ. ಕಡ್ಲಿ ಅಂದ್ರೆ ಹಿಂಗಾರಿಗೆ ಬಿತ್ತೋ ಬೇರೆಯೇ ಬೆಳೆ. ನಾನು ಬಿಡಿಸಿ ಹೇಳಿದೆ. ಅವ್ವ ಮೊಬೈಲ್ ನನ್ನ ಕಡೆ ಸರಿಸಿ, "ಅಂವ ನಮಗ ಹೇಳ್ಲಾಕತ್ತಿಲ್ಲ ಬಿಡು, ಯಾರಿಗೋ ಹೇಳ್ಲಾಕತ್ತಾನ" ಅಂದು ಒಳಗೆ ಹೋದಳು.

ಈ ಮಾತು ಅಲ್ಲೇ ಮರೆತು ಹೋಗ್ತಿತ್ತು. ಆದರೆ ಮುಂದಿನ ವಾರ ಬೆಂಗಳೂರಿಗೆ ಬಂದು ಕಾಲ್‌ನಲ್ಲಿ ಕೂತಿದ್ದಾಗ, ನಮ್ಮ ಟೀಮಿನ ಕೆನಡಾದ ಹುಡುಗನೊಬ್ಬ ಮಾತಿಗೆ ಮಾತು ಬಂದು ಹೇಳಿದ: ಅವನ ಊರಿನ ಫ್ರೆಂಚ್ ರೇಡಿಯೋದ ಪರವಾನಗಿ ನವೀಕರಣಕ್ಕೆ ಬಂದಿದೆಯಂತೆ, ಅವರಮ್ಮ ಅದರ ಪರವಾಗಿ ಸರ್ಕಾರಿ ಆಯೋಗಕ್ಕೆ ಪತ್ರ ಬರೆದಿದ್ದಾಳಂತೆ. ಅವನ ಊರು ಉತ್ತರ ಒಂಟಾರಿಯೋದಲ್ಲಿ. ಸುತ್ತಲೂ ಇಂಗ್ಲಿಷ್ ಪ್ರಾಂತ್ಯ, ನಡುವೆ ಫ್ರೆಂಚ್ ಮಾತಾಡೋ ಸಣ್ಣ ಸಣ್ಣ ಪಟ್ಟಣಗಳು. ಆ ಪ್ರಾಂತ್ಯದ ಮೊದಲ ಫ್ರೆಂಚ್ ಸಮುದಾಯ ಬಾನುಲಿ 1988ರಲ್ಲಿ ಶುರುವಾಗಿದ್ದು ಹರ್ಸ್ಟ್ ಅನ್ನೋ ಅಂಥದ್ದೇ ಒಂದು ಪಟ್ಟಣದಲ್ಲಿ.

ಅವರಮ್ಮ ಯಾಕೆ ಪತ್ರ ಬರೀಬೇಕು ಅಂತ ಕುತೂಹಲ ಆಯ್ತು, ಓದಿದೆ. ಕೆನಡಾದಲ್ಲಿ ಈ ಕೆಲಸ ನೋಡಿಕೊಳ್ಳೋದು ಸಿಆರ್‌ಟಿಸಿ ಅನ್ನೋ ಆಯೋಗ. ಪರವಾನಗಿ ಮುಗಿಯುತ್ತಾ ಬಂದಾಗ ಅದು ಸಾರ್ವಜನಿಕ ಪ್ರಕಟಣೆ ಹೊರಡಿಸುತ್ತೆ. ಯಾರು ಬೇಕಾದರೂ ಪರವಾಗಿಯೋ ವಿರುದ್ಧವಾಗಿಯೋ ಬರೆಯಬಹುದು, ಬರೆದದ್ದು ಕಡತಕ್ಕೆ ಸೇರುತ್ತೆ. ಇನ್ನು ಭಾಷೆಯ ವಿಷಯ. ಫ್ರೆಂಚ್ ಕೇಂದ್ರ ಅಂತ ಪರವಾನಗಿ ತಗೊಂಡರೆ ವಾರದಲ್ಲಿ ಹಾಕೋ ಜನಪ್ರಿಯ ಹಾಡುಗಳಲ್ಲಿ ಶೇ. 65ರಷ್ಟು ಫ್ರೆಂಚ್ ಹಾಡುಗಳೇ ಇರಬೇಕು. ಇದೇನು ಸ್ವರ್ಗ ಅಂತಲ್ಲ. ವಾರ್ಷಿಕ ವರದಿ ತಡವಾಗಿ ಕೊಟ್ಟಿದ್ದಕ್ಕೆ ಸಣ್ಣ ಸಣ್ಣ ಕೇಂದ್ರಗಳಿಗೆ ಕಡಿಮೆ ಅವಧಿಯ ನವೀಕರಣ ಕೊಟ್ಟ ಉದಾಹರಣೆ ಅಲ್ಲೂ ಇವೆ. ಆದರೂ ಕೇಳುಗರಿಗೆ ಒಂದು ಬಾಗಿಲು ಇದೆ, ಅದು ಎಲ್ಲಿದೆ ಅಂತ ಅವರಿಗೆ ಗೊತ್ತೂ ಇದೆ.

ಈಗ ನಮ್ಮ ಕಡೆ ನೋಡೋಣ. ನಮ್ಮಲ್ಲಿ ಇದಕ್ಕೆ ತಳಪಾಯ ಇಲ್ಲ ಅಂತೇನಿಲ್ಲ, ಗಟ್ಟಿಯಾಗೇ ಇದೆ. 1993ರ ಹೀರೋ ಕಪ್ ಕ್ರಿಕೆಟ್ ಪ್ರಸಾರದ ಜಗಳ ಸುಪ್ರೀಂ ಕೋರ್ಟಿಗೆ ಹೋಯ್ತು. 1995ರಲ್ಲಿ ಬಂದ ತೀರ್ಪಿನ ಸಾರ ಇಷ್ಟು: ಬಾನಲೆಗಳು ಸಾರ್ವಜನಿಕ ಆಸ್ತಿ. ಅಂದ್ರೆ ಸರ್ಕಾರದ್ದೂ ಅಲ್ಲ, ಕಂಪನಿಯದ್ದೂ ಅಲ್ಲ, ನಮ್ಮವ್ವನದ್ದೂ ಹೌದು. 2002ರ ಕೊನೆಗೆ ಶಿಕ್ಷಣ ಸಂಸ್ಥೆಗಳಿಗೆ ರೇಡಿಯೋ ನಡೆಸೋ ಅವಕಾಶ ಬಂತು, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಬಂತು.

ಅದಕ್ಕೆ ಮೊದಲಿನ ಕಥೆಯನ್ನ ಕೋಲಾರ ಜಿಲ್ಲೆಯ ಬೂದಿಕೋಟೆಯವರು ಹೇಳ್ತಾರೆ. ಅಲ್ಲಿನ 'ನಮ್ಮ ಧ್ವನಿ'ಗೆ ಗಾಳಿಯಲ್ಲಿ ಪ್ರಸಾರ ಮಾಡೋ ಅನುಮತಿ ಇರಲಿಲ್ಲ. ಹಾಗಂತ ಸುಮ್ಮನೆ ಕೂರದೆ ಕೇಬಲ್ ಎಳೆದು ಮನೆಮನೆಗೆ ದನಿ ಮುಟ್ಟಿಸಿದರು. ಬೀದರ್ ಗಡಿ ದಾಟಿದರೆ ಜಹೀರಾಬಾದ್ ಹತ್ತಿರ ಮಾಚನೂರು. ಅಲ್ಲಿನ ದಲಿತ ಹೆಣ್ಣುಮಕ್ಕಳು ಪರವಾನಗಿ ಸಿಗೋ ಮೊದಲೇ ವರ್ಷಗಟ್ಟಲೆ ಕಾರ್ಯಕ್ರಮ ರೆಕಾರ್ಡ್ ಮಾಡಿ ಇಟ್ಟುಕೊಂಡಿದ್ದರು. 2008ರಲ್ಲಿ 'ಸಂಗಂ ರೇಡಿಯೋ' ಪ್ರಸಾರ ಶುರುವಾದಾಗ ಅವರು ಮಾತಾಡಿದ್ದು ಪುಸ್ತಕದ ತೆಲುಗಲ್ಲ, ಹೊಲದಲ್ಲಿ ಆಡೋ ತೆಲುಗು. ಇವರೆಲ್ಲ ಇಷ್ಟು ವರ್ಷ ಕಾದದ್ದು ತಮ್ಮ ಮಾತು ತಮ್ಮ ಬಾಯಲ್ಲೇ ಬರಲಿ ಅಂತ.

ಹಾಗಾದ್ರೆ ನಿಯಮ ಭಾಷೆಯ ಬಗ್ಗೆ ಏನು ಹೇಳುತ್ತೆ? 2006ರ ಮಾರ್ಗಸೂಚಿ ಓದಿ ನೋಡಿ. ಟ್ರಾನ್ಸ್‌ಮಿಟರಿನ ವಿಕಿರಣ ಶಕ್ತಿ (ಇಆರ್‌ಪಿ) ಸಾಮಾನ್ಯವಾಗಿ 100 ವ್ಯಾಟ್ ಮೀರಬಾರದು. ಆಂಟೆನಾ 30 ಮೀಟರ್ ಮೀರಬಾರದು. ಪ್ರಸಾರ ಮಾಡಿದ್ದನ್ನೆಲ್ಲ ಮೂರು ತಿಂಗಳು ಕಾಪಾಡಿ ಇಡಬೇಕು. ಅರ್ಧದಷ್ಟಾದರೂ ಕಾರ್ಯಕ್ರಮ ಸ್ಥಳೀಯರನ್ನ ಸೇರಿಸಿಕೊಂಡು ತಯಾರಾಗಬೇಕು. ಎಲ್ಲಾ ಕಡೆ 'ಬಾರದು', 'ಬೇಕು'. ಸ್ಥಳೀಯ ಭಾಷೆ ಮತ್ತು ಆಡುಮಾತಿನ ವಿಷಯಕ್ಕೆ ಬಂದಾಗ ಮಾತ್ರ ಸ್ವರ ಮೆತ್ತಗಾಗುತ್ತೆ: ಕಾರ್ಯಕ್ರಮಗಳು 'ಆದಷ್ಟು' ಅದರಲ್ಲಿದ್ದರೆ ಒಳ್ಳೇದು ಅನ್ನೋ ಧಾಟಿ. ಕೋಡ್ ಬರೆಯೋರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಒಂದು ಎರರ್, ಇನ್ನೊಂದು ವಾರ್ನಿಂಗ್. ವಾರ್ನಿಂಗ್‌ಗಳನ್ನ ನಾವು ಏನು ಮಾಡ್ತೀವಿ ಅನ್ನೋದೂ ಗೊತ್ತು.

2024ರ ಫೆಬ್ರವರಿಯಲ್ಲಿ ಪರಿಷ್ಕೃತ ನಿಯಮ ಬಂತು. ಮೊದಲ ಅನುಮತಿಯ ಅವಧಿ ಹತ್ತು ವರ್ಷಕ್ಕೆ ಏರಿತು. ಗಂಟೆಗೆ ಏಳು ನಿಮಿಷ ಇದ್ದ ಜಾಹೀರಾತು ಹನ್ನೆರಡು ನಿಮಿಷಕ್ಕೆ ಹೋಯ್ತು. ಸಲಹಾ ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಅಂತಾಯ್ತು. ಇವುಗಳ ಬಗ್ಗೆ ನನ್ನ ತಕರಾರಿಲ್ಲ. 2012ರಲ್ಲಿ ತರಂಗಾಂತರ ಶುಲ್ಕ ವರ್ಷಕ್ಕೆ 19,700 ರೂಪಾಯಿಯಿಂದ ಒಮ್ಮೆಲೇ 91,000ಕ್ಕೆ ಏರಿ, ಗಲಾಟೆಯಾದ ಮೇಲೆ ಇಳಿದದ್ದು ನೆನಪಿದ್ದವರಿಗೆ ಈ ಕೇಂದ್ರಗಳು ಎಷ್ಟು ಬಡಕಲು ಅಂತ ಗೊತ್ತು. ಅವಕ್ಕೆ ಉಸಿರಾಡೋಕೆ ಸಮಯ ಬೇಕು, ದುಡ್ಡೂ ಬೇಕು.

ಆದರೆ ಹತ್ತು ವರ್ಷ ಅಂದ್ರೆ ಒಂದನೇ ಕ್ಲಾಸಿನ ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸೋ ಹೊತ್ತು. ಅಷ್ಟು ದಿನ ನಮ್ಮ ಆಸ್ತಿಯನ್ನ ಒಬ್ಬರ ಕೈಗೆ ಕೊಟ್ಟ ಮೇಲೆ, ಅವಧಿ ಮುಗಿದಾಗಲಾದ್ರೂ ನಮ್ಮನ್ನ ಒಂದು ಮಾತು ಕೇಳಬೇಕಲ್ಲ? ನಾನು ಇಷ್ಟು ವರ್ಷದಲ್ಲಿ ಒಂದೇ ಒಂದು ಕೇಂದ್ರವೂ 'ನಮ್ಮ ಅನುಮತಿ ಮುಗಿಯುತ್ತಾ ಬಂದಿದೆ, ಮುಂದುವರಿಯಬೇಕಾ, ಹೇಳಿ' ಅಂತ ತನ್ನ ರೇಡಿಯೋದಲ್ಲಿ ಹೇಳಿದ್ದು ಕೇಳಿಲ್ಲ. ಸಲಹಾ ಸಮಿತಿ ಇದೆಯಲ್ಲ ಅನ್ನಬಹುದು. ಸಮಿತಿ ಅಂದ್ರೆ ಕೆಲವರು. ಊರಲ್ಲ.

ನಮ್ಮ ಕೆಲಸದಲ್ಲಿ ವೆಬ್‌ಸೈಟಿನ ಎಸ್‌ಎಸ್‌ಎಲ್ ಸರ್ಟಿಫಿಕೇಟ್ ನವೀಕರಣ ಅಂತ ಇರುತ್ತೆ. ಡೊಮೇನ್ ನಿಮ್ಮ ಹಿಡಿತದಲ್ಲಿದೆಯಾ ಅಂತ ಒಂದು ಸ್ಕ್ರಿಪ್ಟ್ ನೋಡುತ್ತೆ, ಇದ್ದರೆ ಸರ್ಟಿಫಿಕೇಟ್ ಸಿಗುತ್ತೆ. ಸೈಟಿನ ಒಳಗೆ ಇರೋದು ಯಾರಿಗಾದರೂ ಅರ್ಥ ಆಗ್ತಿದೆಯಾ ಅಂತ ಅದು ಕೇಳಲ್ಲ, ಕೇಳೋದು ಅದರ ಕೆಲಸವೂ ಅಲ್ಲ. ರೇಡಿಯೋ ಪರವಾನಗಿ ಹಾಗಾಗಬಾರದು.

ಕೇಳುಗರನ್ನ ಕೇಳಿದರೆ ಅಪಾಯ ಇಲ್ವಾ? ಇದೆ. ಊರ ಗೌಡರಿಗೆ ಆಗದ ಕೇಂದ್ರದ ಮೇಲೆ ನೂರು ದೂರು ಬರಬಹುದು. ನಮ್ಮ ವಿಜಯಪುರ ಸೀಮೆಯಲ್ಲೇ ಜವಾರಿ ಕನ್ನಡ ಇದೆ, ದಖನಿ ಇದೆ, ತಾಂಡಾಗಳಲ್ಲಿ ಲಂಬಾಣಿ ಇದೆ. ದೊಡ್ಡ ಗುಂಪು ಸಣ್ಣ ಗುಂಪಿನ ಬಾಯಿ ಮುಚ್ಚಿಸಬಹುದು. ಹಾಗಾಗಿ ನಾನು ಕೇಳ್ತಿರೋದು ಮತದಾನ ಅಲ್ಲ, ಶಿಕ್ಷೆಯೂ ಅಲ್ಲ. ಹೈದರಾಬಾದ್ ವಿಶ್ವವಿದ್ಯಾಲಯದ ಯುನೆಸ್ಕೋ ಪೀಠದವರು ಕೇಂದ್ರಗಳು ತಮ್ಮನ್ನ ತಾವೇ ಅಳೆದುಕೊಳ್ಳೋಕೆ, ಒಬ್ಬರನ್ನೊಬ್ಬರು ವಿಮರ್ಶೆ ಮಾಡೋಕೆ ಒಂದು ಕೈಪಿಡಿ ಮಾಡಿದ್ದಾರೆ. ದಾರಿ ಆ ಕಡೆಗಿದೆ. ಅದಕ್ಕೆ ಒಂದೇ ಒಂದು ಹೆಜ್ಜೆ ಸೇರಿಸಿದರೆ ಸಾಕು.

ಅವಧಿ ಮುಗಿಯೋ ಮೊದಲ ಮೂರು ತಿಂಗಳು, ವಾರಕ್ಕೊಂದು ಗಂಟೆ, ಕೇಂದ್ರ ತನ್ನ ಬಗ್ಗೆಯೇ ಫೋನ್ ಕಾರ್ಯಕ್ರಮ ನಡೆಸಲಿ. ಬೈಯೋರು ಬೈಯಲಿ, ಹೊಗಳೋರು ಹೊಗಳಲಿ, ಅದೆಲ್ಲ ರೆಕಾರ್ಡ್ ಆಗಲಿ. ಆ ರೆಕಾರ್ಡಿಂಗ್ ಅರ್ಜಿಯ ಜೊತೆ ದೆಹಲಿಗೆ ಹೋಗಲಿ. ಮೂರು ತಿಂಗಳು ಪ್ರಸಾರ ಕಾಪಾಡಿ ಇಡೋ ನಿಯಮ ಹೇಗೂ ಇದೆ, ಹೊಸ ಖರ್ಚಿಲ್ಲ. ಬರಹ ಬೇಡ. ರೇಡಿಯೋ ಓದು ಬಾರದವರಿಗೂ ಮುಟ್ಟೋ ಮಾಧ್ಯಮ. ಅದರ ಬಗ್ಗೆ ಅಭಿಪ್ರಾಯ ಹೇಳೋಕೆ ಅರ್ಜಿ ಬರೆಯಬೇಕು ಅಂದ್ರೆ, ಕೆನಡಾದ ಆ ತಾಯಿಗೆ ಆಗುತ್ತೆ, ನಮ್ಮವ್ವನಿಗೆ ಆಗಲ್ಲ.

ಬಾನುಲಿಗೆ ಕನ್ನಡದಲ್ಲಿ ದೊಡ್ಡ ಹಿಂದಿನ ಕಥೆ ಇದೆ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವ್ಯಾಟ್ ಟ್ರಾನ್ಸ್‌ಮಿಟರ್ ಇಟ್ಟು 'ಆಕಾಶವಾಣಿ' ಶುರು ಮಾಡಿದರು. ಈಗಿನ ಸಮುದಾಯ ಬಾನುಲಿಗೆ ಅದಕ್ಕಿಂತ ಹೆಚ್ಚು ಶಕ್ತಿ ಇದೆ. ಕೊರತೆ ವ್ಯಾಟಿನದ್ದಲ್ಲ.

ಇದನ್ನೆಲ್ಲ ಮೊನ್ನೆ ಫೋನಿನಲ್ಲಿ ಅವ್ವನಿಗೆ ಹೇಳಿದೆ. ಲೈಸೆನ್ಸು, ದೆಹಲಿ, ಕೆನಡಾ, ಎಲ್ಲಾ. ಕೊನೆಗೆ ಕೇಳಿದೆ: "ಈ ರೇಡಿಯೋ ನಡೀಬೇಕೋ ಬ್ಯಾಡೋ ಅಂತ ನಿನ್ನ ಕೇಳಿದ್ರ ಏನ್ ಹೇಳ್ತಿ?"

ಅವ್ವ ಯೋಚನೆಯನ್ನೂ ಮಾಡಲಿಲ್ಲ.

"ಮೊದಲ ಶೇಂಗಾ ಅನ್ನು ಅಂತ ಹೇಳ್ತೀನಿ. ನಡೀಲಿ, ಯಾಕ ಬ್ಯಾಡ?"