ಕೌಜುಗ: ಮೊದಲು ಕಿವಿ, ಆಮೇಲೆ ಕಣ್ಣು

ಲಕ್ಕುಂಡಿಗೆ ಬರುವವರು ಕಾಶಿವಿಶ್ವೇಶ್ವರ ಗುಡಿಯ ಬಾಗಿಲುವಾಡ ನೋಡಿ, ಅತ್ತಿಮಬ್ಬೆ ಕಟ್ಟಿಸಿದ ಬಸದಿಗೊಂದು ಸುತ್ತು ಹಾಕಿ, ಬಿಸಿಲೇರುವಷ್ಟರಲ್ಲಿ ಗದಗಿನ ಬಸ್ಸು ಹತ್ತುತ್ತಾರೆ. ಹಕ್ಕಿಯ ರುಚಿ ಇದ್ದವರು ಹಿಂದಿನ ರಾತ್ರಿಯೇ ಬಂದು ಉಳಿಯಬೇಕು. ಕೌಜುಗ ಕೂಗುವುದು ನಸುಕಿನಲ್ಲಿ.

ಎರೆ ಹೊಲದ ನಡುವೆ ಹುಡುಕಿ ದಣಿಯಬೇಡಿ. ಜಾಲಿಕಂಟಿ ಬೆಳೆದ ಬದು, ಹಳ್ಳದ ದಂಡೆ, ದಕ್ಷಿಣಕ್ಕೆ ಹೋದರೆ ಕಪ್ಪತಗುಡ್ಡದ ಬುಡದ ಮಸಾರಿ ನೆಲ, ಇವು ಅದಕ್ಕೆ ಒಗ್ಗಿದ ಜಾಗಗಳು. ಒಂದು ಕಡೆ ಸುಮ್ಮನೆ ಕೂಡಿ. ಮೊದಲು ಬಿಡಿಬಿಡಿಯಾದ ಒಂದೆರಡು ಸ್ವರ, ಆಮೇಲೆ 'ಕತೀತರ್, ಕತೀತರ್' ಎಂದು ಎಡೆಬಿಡದೆ ಏರುವ ಗಟ್ಟಿ ದನಿ. ಆಚೆ ಬದುವಿನಿಂದ ಇನ್ನೊಂದು ಉತ್ತರ ಕೊಡುತ್ತದೆ. ಜೋಡಿ ಹಕ್ಕಿಗಳು ಸರದಿಯ ಮೇಲೆ ಕೂಗುವುದೂ ಉಂಟು. ಈ ಸವಾಲು-ಜವಾಬು ಕೇಳದೆ ಬರೀ ಫೋಟೊ ಹೊಡೆದುಕೊಂಡು ಹೋದವರು ಅರ್ಧ ಹಕ್ಕಿಯನ್ನಷ್ಟೇ ಕಂಡಂತೆ ಎಂಬುದು ನನ್ನ ಅಭಿಪ್ರಾಯ.

ಇನ್ನು ರೂಪ. ಉದ್ದ ಸುಮಾರು 30 ಸೆಂ.ಮೀ., ಗಾತ್ರದಲ್ಲಿ ಎಳೆಯ ಕೋಳಿಯಷ್ಟು. ಬೂದು-ಕಂದು ಮೈತುಂಬ ಸಣ್ಣ ಅಡ್ಡಗೆರೆ. ದುರ್ಬೀನು ಸಿಕ್ಕರೆ ಗಂಟಲು ನೋಡಿ: ಮಾಸಲು ಹಳದಿ, ಅದರ ಸುತ್ತ ದಾರ ಎಳೆದಂತೆ ಕಪ್ಪು ಅಂಚು. ಗಂಡಿನ ಕಾಲಿಗೆ ಹುಂಜದಂತೆ ಮುಳ್ಳು. ಬೆದರಿದರೆ ಹಾರುವುದಕ್ಕಿಂತ ಓಡುವುದೇ ಹೆಚ್ಚು. ತೀರಾ ಹತ್ತಿರ ಹೋದಾಗ 'ಭರ್ರ್' ಎಂದು ಎದ್ದು, ತುಸು ದೂರದಲ್ಲೇ ಇಳಿದು ಕಂಟಿ ಸೇರುತ್ತದೆ. ಆ ಗಳಿಗೆಯಲ್ಲಿ ಬಾಲ ಬಿಚ್ಚಿ ಕೆಂಗಂದು ಬಣ್ಣ ಹೊಳೆದರೆ ಅನುಮಾನ ಬೇಡ. ಲಾವಗೆ ಇದಕ್ಕಿಂತ ಬಹಳ ಚಿಕ್ಕದು. ಕಪ್ಪು ಮೈಮೇಲೆ ಬಿಳಿ ಚುಕ್ಕೆ, ಕೆಂಗಂದು ಮುಖ ಕಂಡರೆ ಅದು ಚುಕ್ಕೆ ಕೌಜುಗ. ಅದಕ್ಕೆ ಕಾಲಮುಳ್ಳಿಲ್ಲ, ಹುಲ್ಲಿನ ಆಸರೆ ಹೆಚ್ಚು ಬೇಕು.

ಕಾಳು, ಗೆದ್ದಲು ಕೆದಕಿ ತಿನ್ನುವ, ನೆಲದಲ್ಲೇ ಮೊಟ್ಟೆಯಿಡುವ ಈ ಹಕ್ಕಿ ರಾತ್ರಿ ಮಾತ್ರ ಮುಳ್ಳುಗಿಡ ಏರಿ ಮಲಗುತ್ತದೆ. ಹಾಗಾಗಿ ಬದುವಿನ ಜಾಲಿ ಕಡಿದ ಹೊಲದಲ್ಲಿ ಇದನ್ನು ನಿರೀಕ್ಷಿಸಬೇಡಿ.

ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ಒಳಗೆ ಹೋಗುವುದಿದ್ದರೆ ಅರಣ್ಯ ಇಲಾಖೆಯನ್ನು ಕೇಳಿಯೇ ಹೋಗಿ. ಮತ್ತೊಂದು ಮಾತು. ಪಂಜರದ ಗಂಡನ್ನು ಕೂಗಿಸಿ ಕಾಡಿನದನ್ನು ಬಲೆಗೆ ಕೆಡಹುವುದು ಬೇಟೆಗಾರರ ಹಳೆಯ ಉಪಾಯ. ಮೊಬೈಲಿನಲ್ಲಿ ಕೂಗು ಹಚ್ಚಿ ಹಕ್ಕಿಯನ್ನು ಹೊರಗೆಳೆಯುವುದೂ ಅದೇ ಜಾತಿಯ ಕೆಲಸ. ದಯವಿಟ್ಟು ಮಾಡಬೇಡಿ.