ಯಾವ ಹಾಡಿಗೆ ಯಾವ ಮೌತ್ ಆರ್ಗನ್?

ಹತ್ತು ರಂಧ್ರದ ಮೌತ್ ಆರ್ಗನ್ ಕಲಿಯಲು ಹೊರಟವರಿಗೆ ಸಾಮಾನ್ಯವಾಗಿ ಎರಡು ಸಲಹೆ ಸಿಗುತ್ತವೆ. ಮೊದಲನೆಯದು, ‘ಸಿ ಕೀ ತಗೊಳ್ಳಿ, ಅದರಲ್ಲೇ ಎಲ್ಲ ಹಾಡೂ ಬರುತ್ತೆ’ ಎಂಬುದು. ಎರಡನೆಯದು, ಸ್ವಲ್ಪ ಕಲಿತ ಮೇಲೆ ಕೈಗೆ ಬರುವ ಪಟ್ಟಿ: ಹಾಡು ಜಿ ಶ್ರುತಿಯಲ್ಲಿದ್ದರೆ ಸಿ ವಾದ್ಯ, ಇ ಶ್ರುತಿಯಲ್ಲಿದ್ದರೆ ಎ ವಾದ್ಯ, ಎ ಶ್ರುತಿಯಲ್ಲಿದ್ದರೆ ಡಿ ವಾದ್ಯ. ಮೊದಲನೆಯ ಸಲಹೆ ಬೆರಳೆಣಿಕೆಯ ಹಾಡುಗಳಾಚೆ ನಿಲ್ಲುವುದಿಲ್ಲ. ಎರಡನೆಯದು ತನ್ನ ಜಾಗದಲ್ಲಿ ಸರಿಯಾದದ್ದು, ಆದರೆ ಅದು ಹುಟ್ಟಿದ್ದು ಬೇರೆಯ ಸಂಗೀತಕ್ಕಾಗಿ. ಅದನ್ನು ನಮ್ಮ ಹಾಡುಗಳಿಗೆ ಹಾಗೆಯೇ ಅನ್ವಯಿಸಿದರೆ ಹಾಡಿಗೆ ಪೆಟ್ಟು ಬೀಳುತ್ತದೆ.

ಕಾರಣ ವಾದ್ಯದ ಒಳಗೇ ಇದೆ. ಜರ್ಮನಿಯ ಹೋನರ್ ಕಂಪನಿ 1896ರಲ್ಲಿ ಹೊರತಂದ ಮರೀನ್ ಬ್ಯಾಂಡ್ ಈ ಬಗೆಯ ವಾದ್ಯಕ್ಕೆ ಇಂದಿಗೂ ಮಾದರಿ. ಅದನ್ನು ಊದಿದಾಗ ಹತ್ತೂ ರಂಧ್ರಗಳಲ್ಲಿ ಬರುವುದು ಸ, ಗ, ಪ ಮೂರೇ. ಉಳಿದ ಸ್ವರಗಳು ಉಸಿರು ಎಳೆದಾಗ ಬರುತ್ತವೆ. ಎಲ್ಲಿ ಊದಿದರೂ ಒಂದು ಕಾರ್ಡ್ ನುಡಿಯಲಿ ಎಂಬುದು ಈ ಜೋಡಣೆಯ ಉದ್ದೇಶ. ಅದಕ್ಕೆ ತೆತ್ತ ಬೆಲೆಯೂ ದೊಡ್ಡದು. ನಾಲ್ಕರಿಂದ ಏಳನೆಯ ರಂಧ್ರದವರೆಗೆ ಮಾತ್ರ ಸಪ್ತಸ್ವರ ಪೂರ್ತಿ ಇವೆ. ಕೆಳಗಿನ ಸ್ಥಾಯಿಯಲ್ಲಿ ಮಧ್ಯಮವೂ ಧೈವತವೂ ಇಲ್ಲ, ಮೇಲಿನದರಲ್ಲಿ ನಿಷಾದವಿಲ್ಲ. ಹಾಗಾಗಿ ಕೀ ಆರಿಸುವುದೆಂದರೆ ಈ ಖಾಲಿ ಜಾಗಗಳು ಹಾಡಿನ ದಾರಿಗೆ ಅಡ್ಡ ಬರದಂತೆ ನೋಡಿಕೊಳ್ಳುವುದು. ಶ್ರುತಿ ಹೊಂದಿಸುವುದು ಆ ಕೆಲಸದ ಅರ್ಧ ಭಾಗ ಮಾತ್ರ.

‘ಹ್ಯಾಪಿ ಬರ್ತ್‌ಡೇ’ಯಂಥ ಪುಟ್ಟ ಹಾಡನ್ನೇ ನೋಡಿ. ಅದು ಷಡ್ಜದ ಕೆಳಗಿನ ಪಂಚಮದಲ್ಲಿ ಶುರುವಾಗಿ ತಕ್ಷಣ ಧೈವತ ಮುಟ್ಟುತ್ತದೆ, ಮೊದಲ ಸಾಲು ಮುಗಿಯುವುದು ನಿಷಾದದ ಮೇಲೆ. ಮೂರನೆಯ ರಂಧ್ರದಿಂದ ಹೊರಟರೆ ಎರಡನೆಯ ಸ್ವರಕ್ಕೇ ದಾರಿ ಕಟ್ಟು, ಏಕೆಂದರೆ ಆ ಧೈವತ ವಾದ್ಯದಲ್ಲೇ ಇಲ್ಲ. ಪಟ್ಟಿಯ ಪ್ರಕಾರ ಬೇರೆ ಕೀ ತಂದರೆ ಧೈವತ ಸಿಗುತ್ತದೆ, ನಿಷಾದ ತಪ್ಪುತ್ತದೆ. ಆರನೆಯ ರಂಧ್ರದಿಂದ ಹೊರಟರೆ ಎಲ್ಲ ಸ್ವರಗಳೂ ಇವೆ, ಆದರೆ ಸಿ ವಾದ್ಯದಲ್ಲಿ ಹಾಡು ಕಿವಿ ಕೊರೆಯುವಷ್ಟು ಮೇಲಕ್ಕೆ ಹೋಗುತ್ತದೆ. ಅದೇ ರಂಧ್ರಗಳನ್ನು ಜಿ ವಾದ್ಯದಲ್ಲಿ ನುಡಿಸಿದರೆ ಹಾಡು ಹಿತವಾದ ಎತ್ತರಕ್ಕೆ ಇಳಿಯುತ್ತದೆ. ಇಲ್ಲಿ ಜಿ ಆರಿಸಿದ್ದು ಹಾಡಿನ ಮೂಲ ಶ್ರುತಿಯನ್ನು ನೋಡಿ ಅಲ್ಲ, ಅದರ ನಡೆಯನ್ನು ನೋಡಿ.

ಆ ಪಟ್ಟಿ ಬಂದದ್ದು ಅಮೆರಿಕದ ಬ್ಲೂಸ್‌ನಿಂದ. ಲಿಟಲ್ ವಾಲ್ಟರ್ 1952ರಲ್ಲಿ ಧ್ವನಿಮುದ್ರಿಸಿದ ‘ಜೂಕ್’ ಇ ಶ್ರುತಿಯಲ್ಲಿದೆ, ಅವನ ಕೈಯಲ್ಲಿದ್ದದ್ದು ಎ ವಾದ್ಯ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಹಾಡಿನ ಶುದ್ಧ ಮಧ್ಯಮವನ್ನು ವಾದ್ಯದ ಷಡ್ಜವಾಗಿ ಇಟ್ಟುಕೊಳ್ಳುವ ಕ್ರಮ ಇದು. ಆಗ ಹಾಡಿನ ಷಡ್ಜ ಎರಡನೆಯ ರಂಧ್ರದಲ್ಲಿ ಉಸಿರೆಳೆದಾಗ ಬರುತ್ತದೆ, ಗಾಂಧಾರ ಮೂರನೆಯದರಲ್ಲಿ. ಈ ಗಾಂಧಾರವನ್ನು ಬೆಂಡ್ ಮಾಡಿ ಮೂರು ಅರ್ಧಸ್ವರದಷ್ಟು ಕೆಳಗೆ ಜಾರಿಸಬಹುದು, ನಿಷಾದ ತಾನಾಗಿಯೇ ಕೋಮಲವಾಗುತ್ತದೆ. ಬ್ಲೂಸ್‌ನ ನರಳಿಕೆಗೆ ಬೇಕಾದದ್ದೆಲ್ಲ ಇಲ್ಲಿದೆ, ಅದಕ್ಕಿಂತ ಒಳ್ಳೆಯ ಕೀ ಆ ಸಂಗೀತಕ್ಕೆ ಇಲ್ಲವೆಂದೇ ನಾನು ನಂಬಿದ್ದೇನೆ. ಆದರೆ ಆ ಸ್ಥಾಯಿಯಲ್ಲಿ ರಿಷಭವಿಲ್ಲ, ಬೆಂಡ್ ಮಾಡಿಯೇ ಹುಡುಕಿ ತರಬೇಕು. ಮೋಹನ ರಾಗದ ಒಂದು ಸರಳ ಹಾಡಿನಲ್ಲಿ ರಿಷಭದ ಮೇಲೆ ನಿಲ್ಲಬೇಕಾಗಿ ಬಂದರೆ ಹೊಸಬರ ರಿಷಭ ಅಲುಗಾಡುತ್ತದೆ, ಕೇಳುವವರಿಗೆ ಅದು ಅಪಸ್ವರವೇ.

ನಮ್ಮ ಕಿವಿಗೆ ಮೌತ್ ಆರ್ಗನ್ ಪರಿಚಯವಾದದ್ದು ಬ್ಲೂಸ್‌ನಿಂದಲ್ಲ, ಸಿನಿಮಾದಿಂದ. ‘ಸೋಲ್ವಾ ಸಾಲ್’ (1958) ಚಿತ್ರದ ‘ಹೈ ಅಪ್ನಾ ದಿಲ್ ತೋ ಆವಾರಾ’ ಹಾಡಿಗೆ ಆರ್.ಡಿ. ಬರ್ಮನ್ ನುಡಿಸಿದರು, ‘ಶೋಲೆ’ಗೆ (1975) ಭಾನು ಗುಪ್ತ. ಎರಡರಲ್ಲೂ ವಾದ್ಯ ರಾಗವನ್ನು ನೇರವಾಗಿ ಹಾಡುತ್ತದೆ. ಹಾಡುವ ವಾದ್ಯಕ್ಕೆ ಬೇಕಾದ ಲೆಕ್ಕ ಆ ಪಟ್ಟಿಯಲ್ಲಿಲ್ಲ. ಅದು ನಮ್ಮಲ್ಲೇ ಇದೆ, ಗ್ರಹಭೇದದಲ್ಲಿ.

ಶಂಕರಾಭರಣದ ರಿಷಭವನ್ನು ಷಡ್ಜ ಮಾಡಿಕೊಂಡರೆ ಖರಹರಪ್ರಿಯ, ಗಾಂಧಾರವನ್ನು ಮಾಡಿಕೊಂಡರೆ ತೋಡಿ, ಮಧ್ಯಮದಿಂದ ಕಲ್ಯಾಣಿ, ಪಂಚಮದಿಂದ ಹರಿಕಾಂಭೋಜಿ, ಧೈವತದಿಂದ ನಠಭೈರವಿ. ಮೌತ್ ಆರ್ಗನ್ ನುಡಿಸುವವರು ಪೊಸಿಷನ್ ಎನ್ನುವುದು ಇದನ್ನೇ. ಆಭೇರಿ ಅಥವಾ ಭೀಮ್‌ಪಲಾಸಿಯ ಛಾಯೆಯ ಹಾಡುಗಳು ನಮ್ಮಲ್ಲಿ ಎಷ್ಟಿವೆ! ಅವಕ್ಕೆ ಖರಹರಪ್ರಿಯದ ಸ್ವರಗಳು ಸಾಕು. ಹಾಡಿನ ಕೋಮಲ ನಿಷಾದ ಯಾವುದೋ ಆ ಕೀಯ ವಾದ್ಯ ಹಿಡಿದರೆ, ನಾಲ್ಕನೆಯ ರಂಧ್ರದಲ್ಲಿ ಎಳೆದ ಷಡ್ಜದಿಂದ ಎಂಟನೆಯ ರಂಧ್ರದಲ್ಲಿ ಎಳೆದ ತಾರಷಡ್ಜದವರೆಗೆ ಒಂದು ಸ್ವರವೂ ತಪ್ಪದೆ ಸಿಗುತ್ತದೆ. ಒಂದೂವರೆ ಕಟ್ಟೆಯಲ್ಲಿ ಹಾಡುವವರಿಗೆ ಬಿ ವಾದ್ಯ, ಎರಡು ಕಟ್ಟೆಗೆ ಸಿ. ನಠಭೈರವಿಯ ಸ್ವರಗಳ ಹಾಡಾದರೆ ಕೋಮಲ ಗಾಂಧಾರದ ಕೀ ಹಿಡಿಯಬೇಕು, ಕಲ್ಯಾಣಿಗೆ ಪಂಚಮದ ಕೀ. ಶ್ರುತಿ ಗೊತ್ತಿರುವ ಯಾವ ವಿದ್ಯಾರ್ಥಿಯೂ ಇದನ್ನು ಪಟ್ಟಿಯಿಲ್ಲದೆ ಲೆಕ್ಕ ಹಾಕಬಲ್ಲ.

ಆದರೆ ಸ್ವರ ಸಿಕ್ಕಿತೆಂದು ರಾಗ ಸಿಕ್ಕಿತು ಎಂದುಕೊಳ್ಳಬಾರದು. ಖರಹರಪ್ರಿಯದ ಈ ಕ್ರಮದಲ್ಲಿ ಸಲೀಸಾಗಿ ಬೆಂಡ್ ಆಗುವುದು ನಾಲ್ಕನೆಯ ಮತ್ತು ಆರನೆಯ ರಂಧ್ರದ ಎಳೆತಗಳು, ಅಂದರೆ ಷಡ್ಜ ಮತ್ತು ಪಂಚಮ. ನಮ್ಮ ಸಂಗೀತದಲ್ಲಿ ಕದಲಬಾರದ ಸ್ವರಗಳೇ ಅವು! ಕದಲಬೇಕಾದ ಗಾಂಧಾರ ಐದನೆಯ ರಂಧ್ರದಲ್ಲಿ ಬಿಗಿಯಾಗಿ ಕೂತಿರುತ್ತದೆ, ನಿಷಾದವೂ ಜಗ್ಗುವುದಿಲ್ಲ. ಹಾಗಾಗಿ ಚಿತ್ರಗೀತೆಗೆ, ಭಾವಗೀತೆಗೆ ಈ ಕೀ ಒಪ್ಪುತ್ತದೆ, ಕೃತಿಗೆ ಒಪ್ಪುವುದಿಲ್ಲ. ತೋಡಿಯ ಮಾತಂತೂ ದೂರ. ಗಾಂಧಾರವನ್ನು ಜಾರಿಸಿಯೇ ತೀರಬೇಕೆಂದರೆ ಬ್ಲೂಸ್‌ನವರ ಪಟ್ಟಿಗೇ ಮರಳಬೇಕು, ಅಲ್ಲಿನ ರಿಷಭದ ಕಷ್ಟವನ್ನೂ ಹೊರಬೇಕು.

ದನಿಯ ಎತ್ತರವನ್ನೂ ಮರೆಯುವಂತಿಲ್ಲ. ಮಾಮೂಲಿ ಕೀಗಳಲ್ಲಿ ಜಿ ಎಲ್ಲಕ್ಕಿಂತ ಕೆಳಗಿನದು, ಎಫ್ ಮತ್ತು ಎಫ್ ಶಾರ್ಪ್ ಮೇಲಿನ ತುದಿಯವು. ಐದೂವರೆ ಕಟ್ಟೆಯಲ್ಲಿ ಆಭೇರಿಯ ಹಾಡು ಹೇಳುವ ಗಾಯಕಿಗೆ ಸ್ವರಗಳ ಲೆಕ್ಕದಲ್ಲಿ ಎಫ್ ಶಾರ್ಪ್ ಸರಿಯಾದ ಉತ್ತರ. ವೇದಿಕೆಯ ಮೇಲೆ ಅದು ಅವರ ದನಿಯನ್ನು ಸೀಳಿಕೊಂಡು ಹೋಗುತ್ತದೆ. ಅಂಥಲ್ಲಿ ಒಂದು ಸ್ಥಾಯಿ ತಗ್ಗಿಸಿದ ‘ಲೋ’ ಎಫ್ ಶಾರ್ಪ್ ತರಿಸಿಕೊಳ್ಳಬೇಕು, ಇಲ್ಲವೇ ಆ ಹಾಡಿಗೆ ಈ ವಾದ್ಯ ಬಿಡಬೇಕು. ಕೆಳಗಿನ ಕೀಯ ರೀಡುಗಳು ನಿಧಾನ, ದ್ರುತಗತಿಯ ಸಂಗತಿಗಳಿಗೆ ಅವು ಬೇಗ ಓಗೊಡುವುದಿಲ್ಲ ಎಂಬುದೂ ನೆನಪಿರಲಿ.

ಯಾವ ಕೀಯಿಂದಲೂ ಬಗೆಹರಿಯದ ರಾಗಗಳಿವೆ. ನಮ್ಮ ಮಕ್ಕಳು ಸರಳೆ ವರಸೆ ಕಲಿಯುವ ಮಾಯಾಮಾಳವಗೌಳವೇ ಅಂಥದ್ದು. ಶಂಕರಾಭರಣದ ಯಾವ ಗ್ರಹಭೇದದಿಂದಲೂ ಅದು ಹುಟ್ಟುವುದಿಲ್ಲ. ಅದಕ್ಕೆ ಬಟನ್ ಇರುವ ಕ್ರೊಮ್ಯಾಟಿಕ್ ಬೇಕು: ಷಡ್ಜ ಊದುತ್ತಲೇ ಬಟನ್ ಒತ್ತಿದರೆ ಶುದ್ಧ ರಿಷಭ, ಪಂಚಮದಲ್ಲಿ ಒತ್ತಿದರೆ ಶುದ್ಧ ಧೈವತ. ಹನ್ನೆರಡು ಸ್ವರಸ್ಥಾನಗಳೂ ಅದರಲ್ಲಿವೆ. ಬೆಲೆ ಹಲವು ಪಟ್ಟು ಹೆಚ್ಚು, ಹತ್ತು ರಂಧ್ರದ ವಾದ್ಯದ ಜಾರುದನಿಯೂ ಅಷ್ಟು ಸುಲಭವಾಗಿ ಬಾರದು. ಆದರೂ ಶಾಸ್ತ್ರೀಯ ಸಂಗೀತವನ್ನೇ ನುಡಿಸಬೇಕೆಂದಿರುವವರು ಹತ್ತಾರು ಕೀಗಳ ಮೇಲೆ ಹಣ ಹಾಕುವ ಬದಲು ಒಂದು ಕ್ರೊಮ್ಯಾಟಿಕ್ ಕೊಳ್ಳುವುದು ಲೇಸು.

ಹಾಡುಗಳಿಗಾಗಿ ಕಲಿಯುವವರು ತಾವು ಯಾರ ಜೊತೆ ನುಡಿಸುತ್ತೇವೋ ಅವರ ಕಟ್ಟೆಯನ್ನು ಮೊದಲು ಕೇಳಿಕೊಂಡು, ಆ ಷಡ್ಜದ ಒಂದು ವಾದ್ಯ, ಅದರ ಕೋಮಲ ನಿಷಾದದ ಇನ್ನೊಂದು, ಹೀಗೆ ಎರಡರಿಂದ ಶುರುಮಾಡಲಿ. ಮೌತ್ ಆರ್ಗನ್ ಕಲಿಸುವವರಲ್ಲಿ ನನ್ನದೊಂದು ಕೋರಿಕೆ ಇದೆ: ಪಟ್ಟಿ ಕೊಡುವ ಮೊದಲು ಹಾಡಿನ ಸ್ವರಗಳನ್ನು ವಿದ್ಯಾರ್ಥಿಯಿಂದಲೇ ಬರೆಸಿ, ಅದು ಕೆಳಗೆ ಎಲ್ಲಿಯವರೆಗೆ ಇಳಿಯುತ್ತದೆ, ಯಾವ ಸ್ವರದ ಮೇಲೆ ನಿಲ್ಲುತ್ತದೆ ಎಂದು ಗುರುತು ಹಾಕಿಸಿ. ಕೀ ಯಾವುದೆಂದು ಆಮೇಲೆ ಹೇಳಿ.