ನಿಷಿಧಿಗಲ್ಲು: ಗೌರವ ಯಾವುದಕ್ಕೆ?

ಸಮಾಧಿಯ ಕಲ್ಲು ದೇಹವನ್ನಿರಿಸಿದ ನೆಲವನ್ನು ತೋರುತ್ತದೆ. ಜೈನರ ನಿಷಿಧಿಗಲ್ಲಿನ ಉದ್ದೇಶ ಬೇರೆ. ಅದು ಬಹುಮಟ್ಟಿಗೆ ಸಲ್ಲೇಖನ ವ್ರತದ ಸಾಕ್ಷಿಯಾಗಿ ನಿಲ್ಲುತ್ತದೆ. ಆದುದರಿಂದ ಅದರ ಬರಹವನ್ನು ಒರೆಗೆ ಹಚ್ಚುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಇಲ್ಲಿ ಗೌರವ ಸಂದಿರುವುದು ವ್ಯಕ್ತಿಗೋ, ತ್ಯಾಗಕ್ಕೋ?

ಹುಲಸೂರ, ಬಸವಕಲ್ಯಾಣ, ಹುಮನಾಬಾದಗಳ ಸೀಮೆ ಒಂದು ಕಾಲಕ್ಕೆ ಮಾನ್ಯಖೇಟದ ರಾಷ್ಟ್ರಕೂಟರ ಆಳ್ವಿಕೆಯಲ್ಲಿತ್ತು. 973ರಲ್ಲಿ ಚಾಲುಕ್ಯ ಇಮ್ಮಡಿ ತೈಲಪನು ಆ ರಾಜ್ಯವನ್ನು ಕೊನೆಗಾಣಿಸಿದನು. ಅನಂತರ ಆ ಪಕ್ಷದ ಇಬ್ಬರು ಅರಸರು ಸಲ್ಲೇಖನದಿಂದ ದೇಹತ್ಯಾಗ ಮಾಡಿದರು: 974ರಲ್ಲಿ ಗಂಗ ಮಾರಸಿಂಹ, 982ರಲ್ಲಿ ಅವನ ಸೋದರಳಿಯನಾದ ರಾಷ್ಟ್ರಕೂಟ ನಾಲ್ಕನೆಯ ಇಂದ್ರ. ಇಬ್ಬರ ಸ್ಮಾರಕ ಶಾಸನಗಳೂ ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿವೆ.

ಮಾರಸಿಂಹನು ಮಡಿದದ್ದು ಬಂಕಾಪುರದಲ್ಲಿ, ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ, ಮೂರು ದಿನಗಳ ವ್ರತದ ಬಳಿಕ. ಶಾಸನವಿರುವುದು ಬೆಳಗೊಳದ ಕೂಗೆ ಬ್ರಹ್ಮದೇವ ಸ್ತಂಭದಲ್ಲಿ. ದೇಹವೊಂದೆಡೆ, ನೆನಪು ಇನ್ನೊಂದೆಡೆ! ಶಾಸನದ ಬಹುಭಾಗ ಯುದ್ಧ, ವಿಜಯ, ಬಿರುದುಗಳ ವರ್ಣನೆ. ವ್ರತದ ಮಾತು ಕೊನೆಯಲ್ಲಿ, ಸಂಕ್ಷೇಪವಾಗಿ. ಇದನ್ನು ಕೇವಲ ಆಡಂಬರವೆನ್ನಲಾಗದು. ತೊರೆದದ್ದು ಎಷ್ಟೆಂದು ತಿಳಿದಾಗಲೇ ತೊರೆದವನ ದಾರ್ಢ್ಯ ಮನಗಾಣುತ್ತದೆ. ಇಂದ್ರನ ಶಾಸನಕ್ಕೆ ಈ ಸಮರ್ಥನೆ ಸಲ್ಲದು. ಅದು ಅವನ ಚೆಂಡಾಟದ ನೈಪುಣ್ಯವನ್ನು ವಿಸ್ತರಿಸಿ ಕೊಂಡಾಡುತ್ತದೆ. ಆ ಹೊಗಳಿಕೆಗೂ ಅಂತ್ಯದ ವೈರಾಗ್ಯಕ್ಕೂ ಸಂಬಂಧ ಕೂಡುವುದಿಲ್ಲ.

ಅದೇ ಬೆಟ್ಟದ ಬಂಡೆಯ ಮೇಲೆ ಸುಮಾರು 700ರ ನಂದಿಸೇನ ಮುನಿಯ ಶಾಸನವಿದೆ. ಒಂದೇ ಪದ್ಯ. ಮೊದಲು ರೂಪ, ಸಂಪತ್ತು, ವೈಭವಗಳ ಅಸ್ಥಿರತೆ. ಆಮೇಲೆ ಮುನಿಯ ಹೆಸರು ಮತ್ತು ಸಂನ್ಯಸನ. ಬಿರುದುಗಳಿಲ್ಲ. ಓದುಗನಿಗೆ ಉಳಿಯುವುದು ಮುನಿಯ ಕೀರ್ತಿಗಿಂತ ಮಿಗಿಲಾಗಿ ಆತ ಕಂಡ ಸತ್ಯ. ಮೂರರಲ್ಲಿ ಶ್ರೇಷ್ಠವಾದುದು ಇದೇ.

ಈ ವಿವೇಚನೆ ಇಂದಿನ ಬಸದಿಗಳ ವಿಶ್ವಸ್ಥ ಮಂಡಳಿಗಳಿಗೂ ಅವಶ್ಯ. ಸ್ಮಾರಕ ಫಲಕದಲ್ಲಿ ದಾನಿಗಳ ಹೆಸರು ದೊಡ್ಡಕ್ಷರದಲ್ಲಿ ಮೆರೆದು, ವ್ರತಿಯ ಹೆಸರು ಮೂಲೆಗೆ ಸರಿದರೆ ಅದು ನಿಷಿಧಿಯಾಗದು. ಹೆಸರು, ಗುರು, ವ್ರತ, ತಿಥಿ ಇಷ್ಟು ಸಾಕು. ಹಾಗೆಯೇ ಹೊಲದ ಬದುವಿನಲ್ಲೋ ಬಸದಿಯ ಅಂಗಳದಲ್ಲೋ ಹಳೆಯ ಕಲ್ಲು ಕಂಡರೆ ಅದಕ್ಕೆ ಬಣ್ಣ ಬಳಿಯುವುದು, ಅದನ್ನು ಗೋಡೆಗೆ ಸೇರಿಸುವುದು ಸಲ್ಲದು. ಮೊದಲು ಅದನ್ನು ಓದಿಸಬೇಕು. ಅಕ್ಷರ ಅಳಿದರೆ ಆ ವ್ರತಕ್ಕಿದ್ದ ಸಾಕ್ಷಿಯೇ ಅಳಿದಂತೆ.